ನೆರೆಮನೆಯ ಪ್ರೇಮ: 'ಗೆಜ್ಜೆಪೂಜೆ'ಯ ಮರುಪರಿಶೀಲನೆ

ಹೊರನಾಡಿನ ವಿದ್ವಾಂಸರು ಕನ್ನಡ ಚಲನಚಿತ್ರವನ್ನು ಕುರಿತು ಚರ್ಚಿಸುವಾಗ, ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು (1977) ಮುಂದಿಟ್ಟುಕೊಳ್ಳುವುದುಂಟು. ಸಂಪ್ರದಾಯಕ್ಕೆ ಬಲಿಯಾಗುವ ಹೆಣ್ಣಿನ ಪ್ರಶ್ನೆಯನ್ನು ಜನಪ್ರಿಯ ಚಿತ್ರವೊಂದು ಅದಕ್ಕೂ ಮೊದಲೇ ಎತ್ತಿತ್ತೆಂಬುದನ್ನು ನಾವು ಮರೆಯಲಾಗದು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ, ಪುಟ್ಟಣ್ಣ ಕಣಗಾಲರ 'ಗೆಜ್ಜೆಪೂಜೆ' 1969ನೆಯ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಗೆಜ್ಜೆಪೂಜೆಯೆಂದರೆ ಹುಡುಗಿಯನ್ನು ವೇಶ್ಯಾವೃತ್ತಿಗೆ ಒಪ್ಪಿಸುವ ವಿಧಿ. ಅಂತಹ ಮನೆಯಲ್ಲಿ ಬೆಳೆದ ಚಂದ್ರಾ (ಕಲ್ಪನಾ) ನೆರೆಮನೆಯ ಸೋಮುವನ್ನು (ಗಂಗಾಧರ್) ಪ್ರೀತಿಸುತ್ತಾಳೆ. ಗೃಹಸ್ಥ ಬದುಕಿನ ಆಸೆ ಹುಟ್ಟಿಸಿದ್ದು ನೆರೆಮನೆಯೇ; ಅವಳ ಶೀಲವನ್ನು ಶಂಕಿಸಿದ್ದೂ ಅದೇ. ಈ ದ್ವಂದ್ವವೇ ಚಿತ್ರದ ಸತ್ತ್ವವೆಂದು ನಾವು ಭಾವಿಸುತ್ತೇವೆ. ದೋಷವಿರುವುದು ಮುಕ್ತಾಯದಲ್ಲಿ: ಚಂದ್ರಾಳ ಸಾವು ಪ್ರೇಕ್ಷಕನನ್ನು ಅಳಿಸುತ್ತದೆ; ಆ ಕಣ್ಣೀರಿನಲ್ಲಿ ನೆರೆಮನೆಯ ಹೊಣೆಯೂ ತೊಳೆದುಹೋಗುತ್ತದೆ.