ಪೇಸ್ಟಿನ ಡಬ್ಬಿಯ ಪ್ರಾಣಿಗಳು

1960–70ರ ದಶಕಗಳಲ್ಲಿ ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯೊಳಗೆ ಬರುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಪ್ರಾಣಿಗಳನ್ನು ಈಗ ಹಣ ಕೊಟ್ಟು ಕೂಡಿಸುವವರಿದ್ದಾರೆ. ಅಂಥದೊಂದು ಸಂಗ್ರಹವನ್ನು ಈಚೆಗೆ ನೋಡಿದೆ. ಗಾಜಿನ ಬೀರು, ಬಣ್ಣಕ್ಕೊಂದು ಸಾಲು. ಚೆಂದವಾಗಿತ್ತು, ಇಲ್ಲವೆನ್ನಲಾರೆ. ಆದರೆ ಒಂದರ ಮೇಲೂ ಮಗುವಿನ ಹಲ್ಲಿನ ಗುರುತಿಲ್ಲ. ಗುರುತಿದ್ದರೆ ಬೆಲೆ ಇಲ್ಲವಂತೆ. ನನ್ನ ತಕರಾರು ಇಲ್ಲೇ.

ಗೊಂಬೆಗಳೆಂದು ನೋಡಿದರೆ ಅವುಗಳಲ್ಲಿ ಕುಸುರಿಯೇನೂ ಇಲ್ಲ. ಒಂದು ಅಚ್ಚು, ಒಂದೇ ಬಣ್ಣ. ಕರಗಿದ ಪ್ಲಾಸ್ಟಿಕ್ಕಿಗೆ ಬೇರೆ ಬಣ್ಣ ಬೆರೆಸಿದರೆ ಅದೇ ಅಚ್ಚಿನಿಂದ ಕೆಂಪು ಆನೆಯೂ ಬರುತ್ತದೆ, ಹಸಿರು ಆನೆಯೂ ಬರುತ್ತದೆ. ಆದರೆ ಆ ಬಡತನವೇ ಅವುಗಳ ಗುಣ ಎನ್ನುತ್ತೇನೆ. ಕೀಲಿ ಕೊಟ್ಟರೆ ಓಡುವ ಆಟಿಕೆಯ ಮುಂದೆ ಮಗು ಬರೀ ಪ್ರೇಕ್ಷಕ. ಇಲ್ಲಿ ಓಡಿಸುವುದು, ಘೀಳಿಡುವುದು ಎಲ್ಲ ಮಗುವಿನದೇ ಕೆಲಸ.

ಅಮೆರಿಕದಲ್ಲಿ ಕ್ರ್ಯಾಕರ್ ಜಾಕ್ ಎಂಬ ತಿಂಡಿಯಿದೆ. ಜೋಳದರಳು, ಕಡಲೇಕಾಯಿಬೀಜಕ್ಕೆ ಸಿಹಿ ಪಾಕ ಹಿಡಿಸಿದ್ದು. 1912ರಿಂದ ಅದರ ಡಬ್ಬಿಯಲ್ಲಿ ಆಟಿಕೆ ಬರುತ್ತಿತ್ತು: ಮೊದಮೊದಲು ತಗಡು, ಕಾಗದದ್ದು, ಆಮೇಲೆ ಪ್ಲಾಸ್ಟಿಕ್ಕಿನದು. ಅಲ್ಲಿ ಅದಕ್ಕೂ ಸಂಗ್ರಹಕಾರರಿದ್ದಾರೆ. 2016ರಲ್ಲಿ ಕಂಪನಿಯವರು ಆಟಿಕೆ ತೆಗೆದು, ಮೊಬೈಲಿನಲ್ಲಿ ಆಡಲು ಸಂಕೇತವಿರುವ ಚೀಟಿ ಇಟ್ಟರು. ಕಚ್ಚಲಾಗದ, ಕಳೆಯಲಾಗದ ಬಹುಮಾನ!

ಪುಕ್ಕಟೆ ಎಂದು ನಂಬಿದವರು ಮಕ್ಕಳು ಮಾತ್ರ. ಪೇಸ್ಟಿಗೆ ಕೊಟ್ಟ ಕಾಸಿನಲ್ಲೇ ಪ್ರಾಣಿಯ ಬೆಲೆಯೂ ಸೇರಿರುತ್ತದೆಂದು ಅಮ್ಮನಿಗೆ ಗೊತ್ತಿತ್ತು. ಡಬ್ಬಿ ಒಡೆಯುವವಳು ಅವಳು, ಯಾರ ಸರದಿಯೆಂದು ತೀರ್ಪು ಕೊಡುವವಳೂ ಅವಳೇ. ಕಸ ಗುಡಿಸುವಾಗ ಮಂಚದಡಿ ಸಿಕ್ಕ ಕುದುರೆಯನ್ನು ಸೆರಗಿಗೆ ಒರೆಸಿ ಹಾರ್ಲಿಕ್ಸ್ ಬಾಟಲಿಗೆ ಹಾಕಿಡುತ್ತಿದ್ದಳು. ಅದನ್ನು ಮನೆಯಲ್ಲಿ ಯಾರೂ ಸಂಗ್ರಹವೆನ್ನಲಿಲ್ಲ, "ನಿನ್ನ ಚಿಲ್ಲರೆ ಸಾಮಾನು" ಎಂದರು. ಗಂಡಸರು ಗಾಜಿನ ಬೀರುವಿನಲ್ಲಿಟ್ಟರೆ ಹವ್ಯಾಸ, ಹೆಂಗಸರು ಬಾಟಲಿಯಲ್ಲಿಟ್ಟರೆ ಕಸ. ನಿಮ್ಮನೆಯಲ್ಲೂ ಹೀಗೇ ಅಲ್ಲವೇ?

ನಮ್ಮ ಮೈಸೂರು ಕಡೆ ದಸರೆಗೆ ಗೊಂಬೆ ಕೂರಿಸುವಾಗ ಮೆಟ್ಟಿಲ ಬುಡದಲ್ಲಿ ರಾಗಿ ಪೈರು ಬೆಳೆಸಿ ಕಾಡು ಮಾಡುತ್ತೇವೆ. ಪಟ್ಟದ ರಾಜ ರಾಣಿ ಮೇಲೆ, ಬಾಟಲಿಯ ಪ್ರಾಣಿಗಳು ಕೆಳಗೆ. ಅಮ್ಮ ಕೊಟ್ಟ ಹದಿನೇಳು ನನ್ನ ಹತ್ತಿರ ಉಳಿದಿವೆ. ಕುದುರೆಗೆ ಮೂರೇ ಕಾಲು. ಪೈರು ದಟ್ಟವಾಗಿ ಬಂದ ವರ್ಷ ಒರಗಿಕೊಂಡು ನಿಲ್ಲುತ್ತದೆ, ಇಲ್ಲದಿದ್ದರೆ ಮಲಗಿರುತ್ತದೆ.