ಹೆಲ್ಸಿಂಕಿಯ ಬಿಳಿ ಚರ್ಚು: ನಮಗೆ ಕಂಡಂತೆ

ಹೆಲ್ಸಿಂಕಿಗೆ ಹೋಗಿಬಂದವರು ಸೆನೆಟ್ ಚೌಕದ ಬಿಳಿ ಚರ್ಚಿನ ಫೋಟೋ ತೋರಿಸದೆ ಬಿಡುವುದಿಲ್ಲ. ಕಳೆದ ಬೇಸಿಗೆಯಲ್ಲಿ ನಾವೂ ಸಂಸಾರ ಸಮೇತ ಹೋಗಿ, ಅದೇ ಮೆಟ್ಟಿಲ ಮೇಲೆ ಕೂತು, ಅದೇ ಫೋಟೋ ತೆಗೆಸಿಕೊಂಡೆವು. ಚರ್ಚು ಚೆನ್ನಾಗಿದೆ. ಆದರೂ ನಮ್ಮದೊಂದು ತಕರಾರಿದೆ.

1809ರಲ್ಲಿ ಫಿನ್ಲೆಂಡ್ ಸ್ವೀಡನ್ನಿನ ಕೈತಪ್ಪಿ ರಷ್ಯಾದ ಪಾಲಾಯಿತು. 1812ರಲ್ಲಿ ಹೆಲ್ಸಿಂಕಿ ರಾಜಧಾನಿಯಾಯಿತು. ಊರಿಗೆ ರಾಜಧಾನಿಯ ಕಳೆ ಬರಬೇಕಲ್ಲ? ಆ ಹೊಣೆ ಬಿದ್ದದ್ದು ಬರ್ಲಿನ್ನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಕಾರ್ಲ್ ಲುಡ್ವಿಗ್ ಎಂಗೆಲ್ ಅವರ ಮೇಲೆ. ಚೌಕದ ಒಂದು ಬದಿಗೆ ಸೆನೆಟ್ ಭವನ, ಅದರೆದುರು ವಿಶ್ವವಿದ್ಯಾಲಯ, ಉತ್ತರಕ್ಕೆ ದಿಬ್ಬದ ಮೇಲೆ ಚರ್ಚು, ಮೂರೂ ಅವರವೇ.

ಚರ್ಚಿನ ಕೆಲಸ ಶುರುವಾದದ್ದು 1830ರಲ್ಲಿ. ಎಂಗೆಲ್ 1840ರಲ್ಲಿ ತೀರಿಕೊಂಡರು. ಕಟ್ಟಡ ಮುಗಿದದ್ದು 1852ರಲ್ಲಿ. ನಾಲ್ಕು ದಿಕ್ಕಿಗೂ ಒಂದೇ ತೆರನಾದ ಕಂಬಸಾಲು, ನಡುವೆ ಒಂದು ಗುಮ್ಮಟ, ಅವರ ಲೆಕ್ಕ ಅಷ್ಟು ಚೊಕ್ಕ. ಅವರ ನಂತರ ಬಂದ ಲೋರ್ಮನ್ ನಾಲ್ಕು ಮರಿಗುಮ್ಮಟ ಕೂಡಿಸಿದರು, ಇಕ್ಕೆಲದಲ್ಲಿ ಎರಡು ಮಂಟಪ ಕಟ್ಟಿಸಿದರು, ಸೂರಿನ ಮೇಲೆ ಏಸುವಿನ 12 ಶಿಷ್ಯರ ಸತುವಿನ ಪ್ರತಿಮೆಗಳನ್ನು ನಿಲ್ಲಿಸಿದರು. ಮದುವಣಗಿತ್ತಿಗೆ ನೆಂಟರೆಲ್ಲ ತಮ್ಮ ತಮ್ಮ ಒಡವೆ ತೊಡಿಸಿದ ಹಾಗಾಯಿತು. ಆ ಪ್ರಸಿದ್ಧ ಮೆಟ್ಟಿಲ ಸಾಲೂ ಎಂಗೆಲ್ಲರ ಮೂಲ ಯೋಜನೆಯದಲ್ಲ. ಅಲ್ಲಿ ಅವರು ಕಟ್ಟಿದ್ದ ಕಾವಲು ಮನೆಯನ್ನು ಕೆಡವಿ ಮಾಡಿದ್ದು. ಅದನ್ನು ಮಾತ್ರ ನಾವು ಕ್ಷಮಿಸಿದ್ದೇವೆ. ಬಿಸಿಲು ಕಂಡ ಕೂಡಲೇ ಊರೇ ಅಲ್ಲಿ ಬಂದು ಕೂರುತ್ತದೆ!

ಒಳಗೆ ಕಾಲಿಟ್ಟರೆ ಬರೀ ಬಿಳಿ ಗೋಡೆ. “ಇಷ್ಟೇನಾ?” ಎಂದರು ನಮ್ಮ ಜೊತೆಗಿದ್ದ ಅತ್ತೆಯವರು. ಬೇಲೂರು ನೋಡಿದ ಕಣ್ಣು, ಪಾಪ. ನಮಗೂ ಹಾಗೆಯೇ ಅನ್ನಿಸಿತ್ತು. ಮುಂದೆ ಪೀಠದ ಮೇಲಿನ ಚಿತ್ರ ರಷ್ಯಾದ ಚಕ್ರವರ್ತಿ ಒಂದನೇ ನಿಕೊಲಸನ ಕಾಣಿಕೆ. ಫಿನ್ಲೆಂಡ್ 1917ರಲ್ಲಿ ಸ್ವತಂತ್ರವಾಗುವವರೆಗೆ ಇದು ಸಂತ ನಿಕೊಲಸನ ಹೆಸರಿನ ಚರ್ಚೇ ಆಗಿತ್ತು. ಸಂತನ ಹೆಸರೋ ದೊರೆಯ ಹೆಸರೋ, ಎರಡೂ ಒಂದೇ ಆಗಿದ್ದದ್ದು ಅನುಕೂಲವೇ!

ಹೊರಡುವ ಹೊತ್ತಿಗೆ ಮೂರು ಪ್ರತಿಮೆಗಳು ಕಣ್ಣಿಗೆ ಬಿದ್ದವು. ಲೂಥರ್, ಅವರ ಒಡನಾಡಿ ಮೆಲಾಂಕ್ಟನ್, ಮೂರನೆಯವರು ಮಿಕಾಯೆಲ್ ಅಗ್ರಿಕೋಲ. ಫಿನ್ನಿಶ್ ಭಾಷೆಯ ಮೊದಲ ಅಚ್ಚಿನ ಪುಸ್ತಕ ಇವರದು, ಮಕ್ಕಳ ಅಕ್ಷರಮಾಲೆಯಂಥದ್ದು, 1543ರ ಸುಮಾರಿನದು. 1548ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಯನ್ನೂ ಅದೇ ಭಾಷೆಗೆ ತಂದರು. ಆಳುವವರು ಸ್ವೀಡಿಷ್ ಆಡುತ್ತಿದ್ದ ಕಾಲ; ಫಿನ್ನಿಶ್ ಒಕ್ಕಲು ಮಕ್ಕಳ ಮನೆಮಾತು. ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಎಳೆದುಕೊಂಡು ಹೋಗುವ ನಮಗೆ ಅವರ ಮುಂದೆ ಕಾಲು ಕೀಳಲಾಗಲಿಲ್ಲ. ಸುತ್ತಲಿನ ಬಿಳಿ ಗೋಡೆಯೂ ಆಗ ಬರಿದೆನಿಸಲಿಲ್ಲ; ಅವರಿಗಾಗಿಯೇ ಜಾಗ ಬಿಟ್ಟ ಹಾಗಿತ್ತು.

ಹೋಗುವವರು ಮೊದಲು ಒಳಗೆ ಹೋಗಿ, ಮೆಟ್ಟಿಲು ಆಮೇಲೆ. ನಮ್ಮ ಹತ್ತಿರ ಅಗ್ರಿಕೋಲರ ಫೋಟೋ ಒಂದೂ ಇಲ್ಲ. ಮೆಟ್ಟಿಲಿನವು ನಲವತ್ತಿವೆ.