ಉರಿಯದ ಒಲೆಗೆ ಬೇಸಿಗೆಯ ಸಿಂಗಾರ

ದೇವನಹಳ್ಳಿ ಸುತ್ತಿನ ಹೊಸ ವಿಲ್ಲಾಗಳ ಹಾಲ್‌ನಲ್ಲಿ ಫೈರ್‌ಪ್ಲೇಸ್ ಕಂಡಾಗ ನಮ್ಮಂಥ ಓದುಬರಹದವರು ನಗುವ ಒಂದು ರೀತಿ ಇದೆ. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ವಿಲಾಯತಿ ಒಲೆ, ಅದಕ್ಕೆ ಹೊಗೆಯಿಲ್ಲ, ಬೂದಿಯಿಲ್ಲ, ಬೆಂಕಿಯೂ ಇಲ್ಲ ಎಂಬ ನಗು. ಆ ಒಲೆಯ ಮೇಲಿನ ಹಲಗೆಯನ್ನು, ಅಂದರೆ ಮ್ಯಾಂಟಲ್ ಅನ್ನು, ಬೇಸಿಗೆ ಬಂತೆಂದು ಹೊಸದಾಗಿ ಸಿಂಗರಿಸುತ್ತಾರೆ ಎಂದು ತಿಳಿದರಂತೂ ಮುಗಿಯಿತು. ಅನುಕರಣೆ, ಹಣದ ಸೊಕ್ಕು, ವಸಾಹತು ಮನಸ್ಸು ಎಂಬ ಮೂರು ಮಾತು ಸಾಲಾಗಿ ಬರುತ್ತವೆ. ಆ ಮೂರನ್ನೂ ನಾನು ಬೇರೆ ಬೇರೆ ಕಡೆ ಆಡಿದ್ದೇನೆ. ಈಗ ಹಿಂತೆಗೆದುಕೊಳ್ಳುತ್ತಿದ್ದೇನೆ. ಸಿಂಗರಿಸುವವರ ವಕಾಲತ್ತು ವಹಿಸಿಕೊಂಡೆ ಎಂದಲ್ಲ. ಅವರ ಮೇಲೂ ನನ್ನ ತಕರಾರಿದೆ. ನಗುವವರೂ ಸಿಂಗರಿಸುವವರೂ ನೋಡುತ್ತಿರುವುದು ಹಲಗೆಯನ್ನೇ. ಅದರ ಕೆಳಗೆ ತೆರೆದುಕೊಂಡಿರುವ ಒಲೆಯ ಬಾಯಿ ಇಬ್ಬರ ಕಣ್ಣಿಗೂ ಬಿದ್ದಿಲ್ಲ.

ನನ್ನ ಮುಂದಿರುವ ಉದಾಹರಣೆ ನಮ್ಮದೇ ಮನೆಯದು. ತಮ್ಮ ಕೊಂಡ ವಿಲ್ಲಾದಲ್ಲಿ ಬಿಲ್ಡರ್ ಕಡೆಯವರು ಇಟ್ಟಿಗೆಯ ಫೈರ್‌ಪ್ಲೇಸ್ ಕಟ್ಟಿಕೊಟ್ಟಿದ್ದರು. ಚಿಮಣಿಯೂ ಇದೆ. ಮೊದಲ ಡಿಸೆಂಬರ್‌ನಲ್ಲಿ ಸೌದೆ ಹಚ್ಚಿದಾಗ ಹೊಗೆ ಮೇಲೆ ಹೋಗದೆ ಹಾಲ್‌ಗೇ ಬಂತು. ಕೆಮ್ಮಿದ್ದಷ್ಟೇ ಬಂದ ಭಾಗ್ಯ. ಆಮೇಲೆ ಅದರೊಳಗೆ ಕಿತ್ತಳೆ ದೀಪ ಮಿನುಗುವ ಕರೆಂಟಿನ ಪೆಟ್ಟಿಗೆಯೊಂದು ಬಂದು ಕೂತಿತು. ಮೇಲಿನ ಹಲಗೆ ಮಾತ್ರ ಅಪ್ಪಟ ಸಾದಹಳ್ಳಿ ಕಲ್ಲು, ಅದೇ ತಾಲ್ಲೂಕಿನ ಬೂದು ಗ್ರಾನೈಟ್. ಕಳೆದ ಏಪ್ರಿಲ್‌ನಲ್ಲಿ ತಮ್ಮನ ಮಗಳು ಆ ಕಲ್ಲಿನ ಮೇಲೆ ಒಂದು ಸಮುದ್ರ ಜೋಡಿಸಿದ್ದಳು. ನೀಲಿ ಗಾಜಿನ ಸೀಸೆಗಳು, ಒಣಗಿದ ನಕ್ಷತ್ರಮೀನು, ನಾರಿನ ಹಗ್ಗ, ಮೂರು ಶಂಖ. ‘ದೊಡ್ಡಪ್ಪ, ಇದು ಕೋಸ್ಟಲ್ ಥೀಮ್’ ಎಂದಳು. ಕಿಟಕಿಯಾಚೆ ನಂದಿಬೆಟ್ಟ ಕಾಣುತ್ತಿತ್ತು. ಕಡಲು ಘಟ್ಟದಾಚೆ, ಮುನ್ನೂರು ಕಿಲೋಮೀಟರಿಗೂ ದೂರ.

ಮೊದಲು ನಗುವವರ ವಾದ. ಈ ಹವೆಗೆ ಬೆಂಕಿಗೂಡು ಯಾಕೆ ಎನ್ನುತ್ತಾರೆ. ಮಾತು ಅರ್ಧ ಸರಿ. 1884ರ ಜನವರಿಯಲ್ಲಿ ಬೆಂಗಳೂರಿನ ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತು. ಅಂಥ ರಾತ್ರಿ ಕಂಡ ದಂಡುಪ್ರದೇಶದ ಬಂಗಲೆಯವರು ಗೋಡೆಯಲ್ಲಿ ಒಲೆ ಕಟ್ಟಿಸಿಕೊಂಡಿದ್ದರೆ ಅದನ್ನು ಬರೀ ಶೋಕಿ ಎನ್ನಲಾಗದು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಗೆಂದು ಹೋಗುತ್ತಿದ್ದ ನಂದಿಬೆಟ್ಟ 1,478 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಮಂಜಿಗೆ ಬೆಂಕಿ ಸಹಜ. ಬೆಟ್ಟದ ಬುಡದ ಬಯಲಿಗೆ ಅದೇ ತರ್ಕ ಸಲ್ಲದು, ಒಪ್ಪಿದೆ. 2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರು 39.2 ಡಿಗ್ರಿ ಕಂಡಿದೆ. ಆದರೆ ನಗುವವರು ಇಲ್ಲಿಗೆ ನಿಲ್ಲುವುದಿಲ್ಲ. ‘ನಮ್ಮ ಮನೆಗಳಲ್ಲಿ ಇಂಥದ್ದೆಲ್ಲಾ ಎಲ್ಲಿತ್ತು?’ ಎಂದೂ ಕೇಳುತ್ತಾರೆ. ಇತ್ತು. ಬಿಡಿಬಿಡಿಯಾಗಿ ಇತ್ತು.

ಕಾಯಿಸಿಕೊಳ್ಳುವ ಬೆಂಕಿಗೆ ಕನ್ನಡದಲ್ಲಿ ಅಗ್ಗಿಷ್ಟಿಕೆ ಎಂಬ ಮಾತಿದೆ. ಅದು ಎತ್ತಿ ಒಯ್ಯಬಹುದಾದ ಕೆಂಡದ ಪಾತ್ರೆ. ಬಾಣಂತಿ ಕೋಣೆಗೆ ಬಂದರೆ ಸಾಂಬ್ರಾಣಿ ಹೊಗೆಗೂ ಅದೇ, ಚಳಿಗೆ ಮುದುಕರ ಮಂಚದ ಕೆಳಗೂ ಅದೇ. ಬಿಸಿಲು ಏರಿದರೆ ಅಟ್ಟ ಸೇರುತ್ತಿತ್ತು. ವಸ್ತು ಇಡುವ ಹಲಗೆಯೂ ಇತ್ತು: ಗೋಡೆಗೆ ಕೂಡಿಸಿದ ನಾಗಂದಿಗೆ, ಅದರ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಹಿತ್ತಾಳೆ ತಪ್ಪಲೆಗಳ ಸಾಲು. ಗೋಡೆಯಲ್ಲೇ ಕೊರೆದ ದೀಪದ ಗೂಡಿತ್ತು. ಆಂಗ್ಲರು ಬೆಂಕಿ, ಗೂಡು, ಹಲಗೆ ಮೂರನ್ನೂ ಒಂದೇ ಗೋಡೆಗೆ ತಂದು ಜೋಡಿಸಿದರು. ನಾವು ಮೂರನ್ನೂ ಮೂರು ಕಡೆ ಇಟ್ಟುಕೊಂಡೆವು. ಆದ್ದರಿಂದ ಮ್ಯಾಂಟಲ್ ನಮಗೆ ಅಪರಿಚಿತ ಎನ್ನುವ ವಾದ ಅದರ ಆಕಾರಕ್ಕೆ ಸಲ್ಲುತ್ತದೆ, ಕೆಲಸಕ್ಕೆ ಸಲ್ಲುವುದಿಲ್ಲ.

ಇನ್ನು ಸಿಂಗರಿಸುವವರು. ಇವರು ಇಂಗ್ಲೆಂಡನ್ನು ಅನುಕರಿಸುತ್ತಾರೆ ಎಂಬ ಆರೋಪ ನನ್ನ ಮಟ್ಟಿಗೆ ತೀರಾ ಉದಾರವಾಯಿತು. ಅನುಕರಿಸಿದ್ದರೆ ಕೆಲಸ ಇದಕ್ಕಿಂತ ಚೆನ್ನಾಗಿರುತ್ತಿತ್ತು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಮನೆಗಳಲ್ಲಿ ಬೇಸಿಗೆಯ ಅಲಂಕಾರದ ದೊಡ್ಡ ಪಾಲು ಸಲ್ಲುತ್ತಿದ್ದದ್ದು ಆರಿದ ಒಲೆಯ ಬಾಯಿಗೆ. ಬೂದಿ ಬಳಿದು, ಬಾಯಿಗೆ ಬಣ್ಣ ಬರೆದ ಹಲಗೆಯನ್ನು ಮುಚ್ಚುತ್ತಿದ್ದರು. ಅದಕ್ಕೆ ಚಿಮ್ನಿ ಬೋರ್ಡ್ ಎಂದು ಹೆಸರು. ಚಿಮಣಿಯಿಂದ ಬೀಳುವ ಮಸಿ, ಹಕ್ಕಿ, ಕುಳಿರ್ಗಾಳಿ ಎಲ್ಲಕ್ಕೂ ಅದೇ ತಡೆ. ಇಲ್ಲವೇ ಒಲೆಯ ಕುಳಿಯಲ್ಲೇ ಹಸಿರು ಕೊಂಬೆ, ಹೂ ತುಂಬಿದ ಕುಂಡ ಇಡುತ್ತಿದ್ದರು. ಜೋಸಯ್ಯ ವೆಜ್‌ವುಡ್‌ನ ಕುಂಬಾರಿಕೆ ಕಾರ್ಖಾನೆ ಅದಕ್ಕೆಂದೇ ‘ಬೌ ಪಾಟ್’ ಎಂಬ ಕುಂಡಗಳನ್ನು ಮಾಡುತ್ತಿತ್ತು. ಚಳಿಗಾಲದಲ್ಲಿ ಬೆಂಕಿ ಕೂತಿದ್ದ ಜಾಗದಲ್ಲಿ ಬೇಸಿಗೆಗೆ ಎಲೆ ಕೂರುತ್ತಿತ್ತು. ಋತು ಬದಲಾಯಿತೆಂದು ಮನೆಗೆ ಹೇಳುತ್ತಿದ್ದದ್ದು ಆ ಅದಲುಬದಲು. ಇಂದಿನ ಬಣ್ಣದ ಫೋಟೋಗಳಿಂದ ಕಲಿತವರಿಗೆ ಮೇಲಿನ ಹಲಗೆ ಮಾತ್ರ ಸಿಕ್ಕಿದೆ.

ಇದೇ ವಿಚಾರವನ್ನು ನಮ್ಮ ಅಡುಗೆಮನೆ ಬೇರೆ ದಾರಿಯಿಂದ ಕಂಡುಕೊಂಡಿತ್ತು. ಸೌದೆ ಒಲೆಯ ಕಾಲದಲ್ಲಿ ದೊಡ್ಡಬಳ್ಳಾಪುರದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ರಾತ್ರಿ ಅಡುಗೆ ಮುಗಿದರೆ ಅವ್ವ ಬೂದಿ ಎತ್ತಿ, ಒಲೆಯನ್ನು ಸಗಣಿಯಲ್ಲಿ ಸಾರಿಸಿ, ಒಣಗಿದ ಮೇಲೆ ಮೂರು ಎಳೆ ರಂಗೋಲಿ ಎಳೆಯುತ್ತಿದ್ದಳು. ಉರಿಯುವಾಗ ಒಲೆಗೆ ಯಾವ ಒಡವೆಯೂ ಇಲ್ಲ, ಬೆಂಕಿಯೇ ಸಾಕು. ಆರಿದ ಮೇಲೆ ಅದಕ್ಕೆ ಮರ್ಯಾದೆ ಸಲ್ಲಬೇಕು. ವೆಜ್‌ವುಡ್ ಕುಂಡ ಇಟ್ಟ ಮನೆಯೊಡತಿಗೂ ರಂಗೋಲಿ ಎಳೆದ ನಮ್ಮವ್ವನಿಗೂ ಯಾವ ಸಂಬಂಧವೂ ಇಲ್ಲ. ಆದರೂ ಇಬ್ಬರೂ ಆರಿದ ಒಲೆಯ ಮುಂದೆ ಮಾಡಿದ್ದು ಒಂದೇ ಕೆಲಸ. ಈ ಹೋಲಿಕೆಯನ್ನು ಕಾಣದ ವಸಾಹತು ವಿಮರ್ಶೆ ಅವಸರದ ವಿಮರ್ಶೆ ಎಂದೇ ನನ್ನ ಅಭಿಪ್ರಾಯ.

ಈಗ ತಮ್ಮನ ಮಗಳ ಕೃತಿಗೆ ಬರುತ್ತೇನೆ. ಅವಳ ಶ್ರಮವನ್ನು ಕೃತಿ ಎಂದೇ ಕರೆಯಬೇಕು. ಅವಳ ಕಣ್ಣು ಒಳ್ಳೆಯದು. ಶಂಖ ಮೂರು, ಸೀಸೆ ಐದು: ಎಲ್ಲಾ ಬೆಸ. ವಿಲಾಯತಿ ಮ್ಯಾಂಟಲ್ ಮೇಲಿನ ಹೂದಾನಿಗಳ ಸೆಟ್ಟು ಮೂರು, ಐದು, ಏಳರ ಲೆಕ್ಕದಲ್ಲಿರುತ್ತಿತ್ತು. ನಮ್ಮ ದಸರಾ ಗೊಂಬೆಯ ಮೆಟ್ಟಿಲೂ ಹಾಗೆಯೇ. ಯಾರೂ ಹೇಳಿಕೊಡದೆ ಅವಳಿಗದು ಬಂದಿದೆ. ನಡುವೆ ಖಾಲಿ ಬಿಡುವ ಧೈರ್ಯವೂ ಇದೆ. ಕೃತಿ ಸೋಲುವುದು ಔಚಿತ್ಯದಲ್ಲಿ. ಕಾಶ್ಮೀರದ ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲೇ ಹೇಳಿದ: ಡಾಬನ್ನು ಕೊರಳಿಗೆ ಹಾಕಿಕೊಂಡರೆ ಡಾಬೂ ಕೆಡುತ್ತದೆ, ಕೊರಳೂ ಕೆಡುತ್ತದೆ. ಮೇಲೆ ಕಡಲು, ಕೆಳಗೆ ಸ್ವಿಚ್ ಒತ್ತಿದರೆ ಮಿನುಗುವ ಸುಳ್ಳು ಬೆಂಕಿ. ಎರಡರ ನಡುವೆ ಮಾತುಕತೆಯೇ ಇಲ್ಲ. ಅವ್ವ ಇನ್ನೂ ನೇರವಾಗಿ ಹೇಳಿದಳು: ‘ಶಂಖ ದ್ಯಾವ್ರ ಮನೇಲಿ ಮಡಗೋದಲ್ವೇನವ್ವ?’

ಇಲ್ಲಿ ದೇಸಿ ಅಭಿಮಾನಿಗಳು ಎದ್ದು ನಿಲ್ಲುತ್ತಾರೆ ಎಂದು ಗೊತ್ತು. ಶಂಖ ತೆಗೆಯಿರಿ, ಚನ್ನಪಟ್ಟಣದ ಗೊಂಬೆ ಇಡಿ, ಹಿತ್ತಾಳೆ ಚೊಂಬಿನಲ್ಲಿ ಮಾವಿನ ಸೊಪ್ಪು ಇಡಿ, ದೇವನಹಳ್ಳಿಗೆ ಜಿಐ ಹೆಸರು ತಂದ ಚಕ್ಕೋತ ಎರಡಿಡಿ ಎನ್ನುತ್ತಾರೆ. ಕಣ್ಣಿಗೆ ಹಿತವೆನಿಸೀತು. ವಿಮರ್ಶೆಯಾಗಿ ಇದು ದುರ್ಬಲ. ಸಾಮಾನಿನ ಊರು ಬದಲಾಯಿತೇ ಹೊರತು ತಪ್ಪು ಬದಲಾಗಲಿಲ್ಲ. ಒಲೆಯ ಬಾಯಲ್ಲಿ ಆ ಕಿತ್ತಳೆ ದೀಪ ಈಗಲೂ ಮಿನುಗುತ್ತಿದೆ. ಹೋಟೆಲಿನ ಲಾಬಿಯಲ್ಲಿ ಎತ್ತಿನಗಾಡಿ ಚಕ್ರ ಒರಗಿಸಿ ಹಳ್ಳಿ ಎನ್ನುವವರ ಸೋದರಸಂಬಂಧಿ ಈ ಸಲಹೆ.

ಔಚಿತ್ಯದ ಜೊತೆಗೆ ಇನ್ನೊಂದು ಪ್ರಶ್ನೆ ಕಾಲದ್ದು. ಋತುವಿನ ಅಲಂಕಾರಕ್ಕೆ ಕೊನೆ ಇರಬೇಕು. ಯುಗಾದಿಗೆ ಕಟ್ಟಿದ ಮಾವಿನ ತೋರಣವನ್ನು ನಾವು ಬಾಡಿತೆಂದು ಮಾರನೆಯ ದಿನ ಬಿಚ್ಚುವುದಿಲ್ಲ. ಅದು ಬಾಗಿಲ ಮೇಲೆಯೇ ಸುರುಟಿ, ಕಂದಾಗಿ, ಗಾಳಿಗೆ ಸರಸರ ಎನ್ನುತ್ತಾ ಮುಂದಿನ ಹಬ್ಬದವರೆಗೆ ಇರುತ್ತದೆ. ಒಣಗಿದ ಎಲೆ ನೋಡಿದವರಿಗೆ ಹಬ್ಬ ಕಳೆದು ಎಷ್ಟು ದಿನವಾಯಿತೆಂದು ಅಂದಾಜು ಸಿಗುತ್ತದೆ. ದಸರಾ ಗೊಂಬೆಯಲ್ಲಿ ಇನ್ನೂ ಸ್ಪಷ್ಟ: ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸುತ್ತಾರೆ, ಮಲಗಿಸುವುದೂ ಹಬ್ಬದ ಭಾಗವೇ. ನೀಲಿ ಗಾಜಿಗೂ ಒಣಮೀನಿಗೂ ಬಾಡುವುದು ಗೊತ್ತಿಲ್ಲ. ಮರದ ಗೊಂಬೆಗೂ ಗೊತ್ತಿಲ್ಲ. ಬೇಸಿಗೆ ಮುಗಿದದ್ದು ಅವಕ್ಕೆ ತಿಳಿಯುವುದೇ ಇಲ್ಲ. ಆಗಸ್ಟಿನಲ್ಲಿ ನಾನು ಹೋದಾಗಲೂ ಆ ಸಮುದ್ರ ಅಲ್ಲೇ ಇತ್ತು, ಮೇಲೊಂದು ಪದರ ಧೂಳಿನೊಡನೆ.

ಮನೆ ಚೆಂದ ಮಾಡಿಕೊಳ್ಳುವ ಹುಡುಗಿಯ ಮೇಲೆ ಇಷ್ಟು ಶಾಸ್ತ್ರ ಹೇರಬೇಕೇ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ಆ ಒಲೆಯ ಎದುರು ದಿನಾ ಕೂರುವ ಇನ್ನೊಬ್ಬರು ಇಲ್ಲದಿದ್ದರೆ ನಾನೂ ಬಿಡುತ್ತಿದ್ದೆ. ಅವ್ವನ ಕುರ್ಚಿ ಅದರ ಪಕ್ಕದಲ್ಲೇ. ಬಗ್ಗದೆ ಕೈಗೆಟುಕುವ ಎತ್ತರ ಆ ಕಲ್ಲಿನದೊಂದೇ. ಹಾಗಾಗಿ ಅವಳ ಕನ್ನಡಕ, ಮಾತ್ರೆ ಡಬ್ಬಿ, ಸ್ಟೀಲ್ ಲೋಟದ ನೀರು ಅಲ್ಲಿಗೇ ಬರುತ್ತವೆ. ನೆಂಟರು ಬರುವ ಹೊತ್ತಿಗೆ ಮಾಯವಾಗುತ್ತವೆ. ‘ಲೋಟ ಎಲ್ ಮಡಗಿದ್ರಿ?’ ಎಂದು ಅವಳು ಹುಡುಕುವುದನ್ನು ನೋಡಿದ್ದೇನೆ. ಫೋಟೋ ಕೆಡಿಸುವ ಆ ಲೋಟವೇ ಇಡೀ ಹಲಗೆಯ ಮೇಲೆ ಬೇಸಿಗೆಯನ್ನು ಬಲ್ಲ ಏಕೈಕ ವಸ್ತು ಎಂಬುದು ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ಈ ಯುಗಾದಿಗೆ ಹೋದಾಗ ತಮ್ಮನ ಮಗಳೊಡನೆ ಜಗಳವಾಡಿಯೇ ಹೇಳಿದೆ. ಕರೆಂಟಿನ ಪೆಟ್ಟಿಗೆ ಹೊರಗೆ ಬರಲಿ. ಒಲೆಯ ಕುಳಿಯಲ್ಲಿ ಒಂದು ಮಂಕರಿ ಮರಳು ಹರವಿ, ಒದ್ದೆ ಮಾಡಿ, ಮೇಲೆ ಮಣ್ಣಿನ ಮಡಕೆ ಕೂರಿಸು. ಬಿಸಿಲು ಬೀಳದ ಜಾಗ. ಚಿಮಣಿಯಿಂದಾಗಿ ಸಣ್ಣಗೆ ಗಾಳಿಯಾಡುತ್ತದೆ. ಮಡಕೆಯ ಮೈ ಬೆವರಿ, ಆ ಬೆವರು ಗಾಳಿಗೆ ಆರುತ್ತಾ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಕಡೆಯ ಏಪ್ರಿಲ್ಲಿನ ಒಣಹವೆಗೆ ಹೇಳಿಮಾಡಿಸಿದ ಯಂತ್ರ. ಹೊಗೆ ಎಳೆಯಲಾರದೆ ಸೋತ ಚಿಮಣಿಗೆ ಇಷ್ಟಾದರೂ ಕೆಲಸ ಸಿಗಲಿ. ‘ಚೆನ್ನಾಗ್ ಕಾಣಲ್ಲ ದೊಡ್ಡಪ್ಪ’ ಎಂದಳು. ಅದು ಅವಳ ಹಕ್ಕು ಎಂದು ಸುಮ್ಮನಾದೆ.

ನನ್ನ ಸಲಹೆಗೂ ಒಂದು ಮಿತಿ ಇದೆ, ಮುಚ್ಚಿಡುವುದಿಲ್ಲ. ಗೋಡೆಗೆ ಅಂಟಿಸಿದ, ಕುಳಿಯೇ ಇಲ್ಲದ ಫೈರ್‌ಪ್ಲೇಸುಗಳಿಗೆ ಇದು ಅನ್ವಯಿಸದು. ಅವಕ್ಕೆ ಬಾಯಿಯೇ ಇಲ್ಲ. ನಗುವವರಿಗೆ ಅವನ್ನು ಬಿಟ್ಟುಕೊಡುತ್ತೇನೆ.

ರಾಮನವಮಿಗೆ ಪಾನಕ ಕುಡಿಯಲು ಕರೆ ಬಂತು. ಹೋಗಿ ನೋಡಿದರೆ ಹಲಗೆಯ ಮೇಲೆ ಶಂಖಗಳಿರಲಿಲ್ಲ, ಸೀಸೆ ಐದೂ ಹಾಗೇ ಇದ್ದವು, ರಾಜಿಯಾಗಿದೆ ಎಂದುಕೊಂಡೆ. ಕೆಳಗೆ ಇಟ್ಟಿಗೆಯ ಕತ್ತಲಲ್ಲಿ ಹೆದ್ದಾರಿ ಬದಿಯಲ್ಲಿ ಕೊಂಡ ಮಡಕೆ ಕೂತಿತ್ತು. ಸುತ್ತಲ ಮರಳಿಗೆ ಯಾರೋ ಒಂದು ಹಿಡಿ ರಾಗಿ ಚೆಲ್ಲಿದ್ದರು. ಬೆರಳುದ್ದ ಮೊಳಕೆ ಎದ್ದು ಬೆಳಕಿನ ಕಡೆಗೆ, ಹಾಲ್‌ನ ಕಡೆಗೆ ಬಾಗಿತ್ತು. ಇದು ಎಲ್ಲೀವರೆಗೆ ಎಂದು ಕೇಳಿದೆ. ತಮ್ಮನ ಮಗಳು ಅವ್ವನ ಮುಖ ನೋಡಿದಳು. ‘ರೋಣಿ ಮಳೆ ಬರಲಿ, ಎತ್ತಿಟ್ರಾಯ್ತು’ ಎಂದು ಅವ್ವ ಕಲ್ಲಿನ ಮೇಲಿದ್ದ ಲೋಟಕ್ಕೆ ಕೈ ಚಾಚಿದಳು.